ಶೇಂಗಾ, ಸಕ್ಕರೆ ಮತ್ತು ಕ್ಯಾನ್ಸರ್ ಕೋಶ

ಸಗರನಾಡಿನಲ್ಲಿ, ಅಂದರೆ ಶಹಾಪುರ, ಸುರಪುರ, ಯಾದಗಿರಿಗಳ ಕಡೆ, ಜೋಳದ ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ ಬೇಕೇ ಬೇಕು. ಇದೇ ಶೇಂಗಾದಲ್ಲಿರುವ ಒಂದು ಪ್ರೋಟೀನು ಕ್ಯಾನ್ಸರ್ ಕೋಶಗಳನ್ನು ಹಿಡಿದುಕೊಳ್ಳುತ್ತದೆ ಎಂದು ಕೇಳಿದರೆ ನೀವು ಗಾಬರಿಯಾಗಬಹುದು. ಇನ್ನು ಕೆಲವರು ಅದನ್ನೇ ಔಷಧಿಯೆಂದು ನಂಬಲೂಬಹುದು. ಎರಡೂ ಬೇಡ. ಸಂಗತಿ ಏನೆಂಬುದನ್ನು ಮೊದಲು ತಿಳಿಯೋಣ.

ನಮ್ಮ ಜೀವಕೋಶಗಳ ಹೊರಮೈಮೇಲೆ ಬಗೆಬಗೆಯ ಸಕ್ಕರೆಗಳ ಸಣ್ಣ ಸರಪಳಿಗಳಿರುತ್ತವೆ. ಇವುಗಳಲ್ಲಿ ‘ಟಿ-ಪ್ರತಿಜನಕ’ ಎಂಬುದೂ ಒಂದು. ಆರೋಗ್ಯವಂತ ಕೋಶದಲ್ಲಿ ಅದರ ಮೇಲೆ ಬೇರೆ ಸಕ್ಕರೆಗಳು ಮುಚ್ಚಿಕೊಂಡಿರುತ್ತವೆ. ಅನೇಕ ಬಗೆಯ ಕ್ಯಾನ್ಸರ್‌ಗಳಲ್ಲಿ ಈ ಮುಚ್ಚಳ ಇಲ್ಲದೆ ಅದು ಹೊರಗೆ ಕಾಣಿಸಿಕೊಳ್ಳುತ್ತದೆ. ಶೇಂಗಾದ ‘ಲೆಕ್ಟಿನ್’ ಎಂಬ ಪ್ರೋಟೀನು ಹಿಡಿಯುವುದು ಇದನ್ನೇ. ಆದುದರಿಂದ ಪ್ರಯೋಗಾಲಯಗಳಲ್ಲಿ ಈ ಸಕ್ಕರೆಯನ್ನು ಗುರುತಿಸಲು ಶೇಂಗಾ ಲೆಕ್ಟಿನ್ ಬಳಸುತ್ತಾರೆ.

ಹರಳಿನಿಂದ ಆಕಾರ

ಅಂಗಿಯ ಗುಂಡಿ ಯಾವ ಕಾಜಕ್ಕೆ ಕೂಡುತ್ತದೆಂದು ತಿಳಿಯಲು ಎರಡನ್ನೂ ನೋಡಬೇಕಷ್ಟೆ. ಆದರೆ ಪ್ರೋಟೀನಿನ ಅಣು ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಚಿಕ್ಕದು. ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವಂತೆ, ಶುದ್ಧ ಪ್ರೋಟೀನಿನ ದ್ರಾವಣದಲ್ಲಿ ನಿಧಾನವಾಗಿ ಹರಳು ಕಟ್ಟಿಸುತ್ತಾರೆ. ಹರಳಿನಲ್ಲಿ ಅಣುಗಳು ಸಾಲಾಗಿ, ಒಂದೇ ಕ್ರಮದಲ್ಲಿ ಕೂತಿರುತ್ತವೆ. ಅದರ ಮೂಲಕ ಕ್ಷ-ಕಿರಣ ಹಾಯಿಸಿದಾಗ ಚದುರಿದ ಕಿರಣಗಳು ಚುಕ್ಕೆಗಳಾಗಿ ಬೀಳುತ್ತವೆ. ಆ ಚುಕ್ಕೆಗಳನ್ನು ಲೆಕ್ಕಹಾಕಿ ಪ್ರತಿಯೊಂದು ಪರಮಾಣುವಿನ ಸ್ಥಾನವನ್ನು ಕಂಡುಹಿಡಿಯುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಮತ್ತು ಸಂಗಡಿಗರು ೧೯೯೪ರಲ್ಲಿ ಶೇಂಗಾ ಲೆಕ್ಟಿನ್ನಿನ ರಚನೆಯನ್ನು ಹೀಗೆಯೇ ಪ್ರಕಟಿಸಿದರು. ಅದು ಒಂದೇ ತೆರನಾದ ನಾಲ್ಕು ಘಟಕಗಳಿಂದ ಆದದ್ದು. ೧೯೯೭ರಲ್ಲಿ ಟಿ-ಪ್ರತಿಜನಕವನ್ನು ಹಿಡಿದುಕೊಂಡ ಸ್ಥಿತಿಯಲ್ಲೇ ಅದರ ರಚನೆ ಹೊರಬಂತು. ಹಾಲಿನ ಸಕ್ಕರೆಯನ್ನೂ ಹಿಡಿಯಬಲ್ಲ ಈ ಪ್ರೋಟೀನು ಟಿ-ಪ್ರತಿಜನಕವನ್ನು ಇನ್ನೂ ಬಿಗಿಯಾಗಿ ಹಿಡಿಯುವುದೇಕೆ? ಕಾರಣ ನೀರು! ಪ್ರೋಟೀನಿಗೂ ಸಕ್ಕರೆಗೂ ನಡುವೆ ನೀರಿನ ಅಣುಗಳು ಸೇತುವೆಯಂತೆ ನಿಂತು ಎರಡನ್ನೂ ಬೆಸೆದಿದ್ದವು.

ನಮ್ಮ ದೇಹದಲ್ಲೂ ಉಂಟು

ಮನುಷ್ಯನ ದೇಹದಲ್ಲೂ ಲೆಕ್ಟಿನ್‌ಗಳಿವೆ. ‘ಗ್ಯಾಲೆಕ್ಟಿನ್-೩’ ಅವುಗಳಲ್ಲೊಂದು. ಅದೂ ಟಿ-ಪ್ರತಿಜನಕವನ್ನು ಹಿಡಿಯಬಲ್ಲದು. ಕ್ಯಾನ್ಸರ್ ಕೋಶಗಳು ರಕ್ತನಾಳದ ಒಳಗೋಡೆಗೆ ಅಂಟಿಕೊಳ್ಳಲು ಅದು ನೆರವಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಅದರಲ್ಲಿ ಸಕ್ಕರೆ ಹಿಡಿಯುವ ಭಾಗದ ಹರಳು ರಚನೆ ೧೯೯೮ರಲ್ಲಿ ಪ್ರಕಟವಾಯಿತು. ಹಿಡಿಯುವ ಜಾಗದ ಆಕಾರ ಗೊತ್ತಾದರೆ ಅಲ್ಲಿ ಹೋಗಿ ಕೂತು ಸಕ್ಕರೆಗೆ ಎಡೆಕೊಡದ ಔಷಧಿಯನ್ನು ರೂಪಿಸಲು ಪ್ರಯತ್ನಿಸಬಹುದು. ವಿಜ್ಞಾನಿಗಳು ಹರಳಿನ ಹಿಂದೆ ಬೀಳುವುದು ಇದಕ್ಕಾಗಿ.

ನೀವು ನೆನಪಿಡಬೇಕಾದುದು

ಹರಳಿನಲ್ಲಿ ಕಂಡದ್ದು ಇಬ್ಬರ ಹಿಡಿತ ಮಾತ್ರ, ಚಿಕಿತ್ಸೆಯಲ್ಲ. ಶೇಂಗಾ ತಿಂದು ಕ್ಯಾನ್ಸರ್ ವಾಸಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹಸನಾದ ಶೇಂಗಾಕ್ಕೆ ಹೆದರಬೇಕಾಗಿಯೂ ಇಲ್ಲ. ಅಲರ್ಜಿ ಇರುವವರು ಮಾತ್ರ ತಿನ್ನಬಾರದು. ಹೆದರಬೇಕಾದದ್ದು ಬೂಷ್ಟು ಹಿಡಿದ ಕಾಳಿಗೆ. ಆ ಬೂಷ್ಟಿನಲ್ಲಿ ಹುಟ್ಟುವ ‘ಅಫ್ಲಾಟಾಕ್ಸಿನ್’ ವಿಷ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು, ಹುರಿದರೂ ಪೂರ್ತಿ ಹೋಗದು. ಕಾಯಿಯನ್ನು ಚೆನ್ನಾಗಿ ಒಣಗಿಸಿ ತೇವವಿಲ್ಲದ ಕಡೆ ಇಡಿ. ಬಣ್ಣಗೆಟ್ಟ, ಮುರುಟಿದ, ಕಹಿಯಾದ ಕಾಳನ್ನು ಆರಿಸಿ ಎಸೆಯಿರಿ.

ಎದೆಯಲ್ಲಿ ಗಂಟು, ಬಾಯಲ್ಲಿ ಮಾಯದ ಹುಣ್ಣು, ಕಾರಣವಿಲ್ಲದ ರಕ್ತಸ್ರಾವ ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಹತ್ತಿರದ ವೈದ್ಯರಿಗೆ ತೋರಿಸಿ. ಕಲಬುರಗಿಯಲ್ಲಿಯೇ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ. ರೋಗ ಬೇಗ ಗೊತ್ತಾದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು.