ಅಜ್ಜ ಅಜ್ಜಿಯ ಜೊತೆ ರಜೆಗೆ ಹೊರಡುವ ಮುನ್ನ

ಬೇಸಿಗೆ ರಜೆ ಹತ್ತಿರವಾಯಿತೆಂದರೆ ತುಮಕೂರಿನ ಎಷ್ಟೋ ಮನೆಗಳಲ್ಲಿ ಅದೇ ಮಾತು: ಈ ಸಲ ಅಪ್ಪ ಅಮ್ಮನನ್ನೂ ಕರ್ಕೊಂಡು ಎಲ್ಲಾದರೂ ಹೋಗಿಬರೋಣ. ಬಹಳ ಒಳ್ಳೆಯ ಆಸೆ. ಆದರೆ ಪಟ್ಟಿ ಮಾಡಲು ಕೂತಾಗ ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿ, ಹೊರನಾಡು ಎಲ್ಲವನ್ನೂ ಮೂರೇ ದಿನಕ್ಕೆ ತುರುಕುತ್ತೇವೆ. ಎಪ್ಪತ್ತು ದಾಟಿದ ಅಜ್ಜಿಗೂ ಮೂರು ವರ್ಷದ ಮೊಮ್ಮಗುವಿಗೂ ಆ ಓಟ ತಡೆಯುವುದಿಲ್ಲ. ಹಾಗಾಗಿ ದಿನಕ್ಕೆ ಒಂದೇ ಮುಖ್ಯ ಜಾಗ ಇಟ್ಟುಕೊಳ್ಳಿ ಎಂದು ಪೋಷಕರಿಗೆ ಮೊದಲು ಹೇಳುತ್ತೇನೆ. ಹಿರಿಯರ ದಿನಚರಿಯೂ ಪುಟ್ಟ ಮಕ್ಕಳ ದಿನಚರಿಯೂ ಬಹುಮಟ್ಟಿಗೆ ಒಂದೇ. ಇಬ್ಬರೂ ಬೇಗ ಏಳುತ್ತಾರೆ, ಇಬ್ಬರಿಗೂ ಹೊತ್ತಿಗೆ ಸರಿಯಾಗಿ ಊಟ ಬೇಕು, ಮಧ್ಯಾಹ್ನ ಒಂದು ನಿದ್ದೆ ಬೇಕು. ಪ್ರವಾಸವನ್ನು ಇವರ ಹೊತ್ತಿಗೆ ಕೂರಿಸಿದರೆ ನಡುವಿನವರಾದ ನೀವು ಹೇಗೂ ಹೊಂದಿಕೊಳ್ಳುತ್ತೀರಿ.

"ನೀವು ಹೋಗ್ಬನ್ನಿ, ನಮಗ್ಯಾಕೆ" ಎಂದು ಹಿರಿಯರು ಅಂದರೆ ಅಷ್ಟಕ್ಕೇ ಬಿಟ್ಟುಬಿಡಬೇಡಿ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಮನೆಗಳಲ್ಲಿ ಆ ಮಾತಿನ ಹಿಂದೆ ಸಾಮಾನ್ಯವಾಗಿ ಮನೆಗೆಲಸದ ಚಿಂತೆ ಇರುತ್ತದೆ. ಹಾಲು ಕರೆದು ಡೈರಿಗೆ ಹಾಕುವವರು ಯಾರು? ತ್ರೀ ಫೇಸ್ ಕರೆಂಟು ಬಂದ ಹೊತ್ತಿಗೆ ತೋಟಕ್ಕೆ ಮೋಟಾರು ಹಾಕುವವರು ಯಾರು? ನೆರೆಮನೆಯವರನ್ನೋ ಗೊತ್ತಿರುವ ಆಳನ್ನೋ ಒಪ್ಪಿಸಿ, ಕೂಲಿ ಮಾತಾಡಿ, ಆಮೇಲೆ ಇನ್ನೊಮ್ಮೆ ಕೇಳಿ.

ಇನ್ನೊಂದು ಕಾರಣವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ದಾರಿಯಲ್ಲಿ ಶೌಚಕ್ಕೆ ಎಲ್ಲಿ ಹೋಗುವುದು ಎಂಬ ಅಂಜಿಕೆಗೆ ಎಷ್ಟೋ ಅಜ್ಜಿಯರು ಹೊರಡುವ ದಿನ ನೀರನ್ನೇ ಮುಟ್ಟುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಅದು ಅಪಾಯ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಇನ್ನೂ ಅಪಾಯ. ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲಿಸುತ್ತೇವೆಂದು ಹೊರಡುವ ಮೊದಲೇ ಹೇಳಿ, ಹೇಳಿದಂತೆ ನಿಲ್ಲಿಸಿ. ರೂಮು ಹಿಡಿಯುವಾಗ ನೆಲಮಹಡಿಯದ್ದೇ, ವೆಸ್ಟರ್ನ್ ಕಮೋಡು ಇದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಮಂಡಿನೋವಿನವರಿಗೆ ಅದಿಲ್ಲದೆ ಆಗದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಂಡವರು ದರ್ಶನದ ಸಾಲಿನಲ್ಲಿ ನಿಂತು ಊಟ ತಡವಾದರೆ ಸಕ್ಕರೆ ಅಂಶ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು. ಗ್ಲೂಕೋಸ್ ಪುಡಿ, ಬಿಸ್ಕತ್ತು, ಎಲ್ಲರ ಮಾತ್ರೆಗಳು ಡಿಕ್ಕಿಯಲ್ಲಲ್ಲ, ಕೈಚೀಲದಲ್ಲಿರಲಿ.

ದೂರದ ಪ್ರವಾಸಕ್ಕೆ ಮೊದಲು ಹತ್ತಿರದಲ್ಲೇ ಒಂದು ದಿನ ತಿರುಗಿ ನೋಡಿ. ತುಮಕೂರಿನವರಾದರೆ ಬೆಳಗಿನ ತಂಪಿನಲ್ಲಿ ಹೊರಟು ಗೂಳೂರಿನ ಬಳಿಯ ಕೈದಾಳದಲ್ಲಿ ಚೆನ್ನಕೇಶವನನ್ನು ನೋಡಿ, ಕುಣಿಗಲ್ ಕೆರೆಯ ಮೇಲೆ ಹಾದು, ಯಡಿಯೂರಿನ ಸಿದ್ಧಲಿಂಗೇಶ್ವರನ ಸನ್ನಿಧಿಗೆ ದಾಸೋಹದ ಹೊತ್ತಿಗೆ ತಲುಪಬಹುದು. ಕೈದಾಳದಲ್ಲಿ ಶಿಲ್ಪಿ ಜಕಣಾಚಾರಿಯ ಕಥೆಯನ್ನು ಅಜ್ಜನೇ ಹೇಳಲಿ: ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ ಹುಡುಗ, ಒಡೆದಾಗ ಹೊರಬಿದ್ದ ಕಪ್ಪೆ, ಆ ಹುಡುಗ ತನ್ನ ಮಗ ಡಂಕಣನೇ ಎಂದು ತಿಳಿದ ತಂದೆ, ಕಳೆದುಕೊಂಡ ಕೈ ಮತ್ತೆ ಬಂದ ಈ ಊರು. ನೀವು ಮೊಬೈಲ್ ತೆಗೆದು ನಡುವೆ ತಿದ್ದಲು ಹೋಗಬೇಡಿ. ಪ್ರವಾಸದಲ್ಲಿ ಹಿರಿಯರಿಗೆ ಒಂದು ಪಾತ್ರ ಇರಬೇಕು; ಗಾಡಿಯ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತು ಬರುವುದು ಯಾರಿಗೂ ಖುಷಿ ಕೊಡುವುದಿಲ್ಲ. ಗುಬ್ಬಿಯ ಹಾದಿಯಾದರೆ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಬಗ್ಗೆ, ಗುಬ್ಬಿ ವೀರಣ್ಣನವರ ಬಗ್ಗೆ ತಾವು ಕೇಳಿದ್ದನ್ನು, ಕಂಡಿದ್ದನ್ನು ಹೇಳಲು ಅವರಿಗೆ ಬೇಕಾದಷ್ಟಿರುತ್ತದೆ. ಯಡಿಯೂರಿನಲ್ಲಿ ಊಟವಾದ ಮೇಲೆ ಮನೆಕಡೆ ತಿರುಗಿ. ಮಾರ್ಕೋನಹಳ್ಳಿ ಜಲಾಶಯ ಹತ್ತಿರದಲ್ಲೇ ಇದೆಯಲ್ಲ ಎನಿಸುತ್ತದೆ, ನಿಜ. ಅದು ಇನ್ನೊಂದು ದಿನಕ್ಕಿರಲಿ.

ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕೆಂಬ ಹಟವನ್ನೂ ಬಿಡಿ. ದೇವರಾಯನದುರ್ಗದಲ್ಲಿ ಭೋಗ ನರಸಿಂಹನ ಗುಡಿಯವರೆಗೆ ಗಾಡಿ ಹೋಗುತ್ತದೆ. ಮೇಲಿನ ಯೋಗ ನರಸಿಂಹನಲ್ಲಿಗೆ ಮೆಟ್ಟಿಲು ಹತ್ತಬೇಕು. ಹತ್ತುವವರು ಹತ್ತಿಬರಲಿ, ಉಳಿದವರು ಕೆಳಗೆ ನೆರಳಲ್ಲಿರಲಿ. ಆದರೆ ಚೂಟಿ ಮಗುವನ್ನು ಅಜ್ಜಿಯೊಬ್ಬರ ಮೇಲೇ ಬಿಟ್ಟು ಹೋಗಬೇಡಿ. ಅಲ್ಲಿ ಕೋತಿಗಳ ಕಾಟವೂ ಇದೆ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಡೋಲಿ ಸಿಗುತ್ತದೆ. ಡೋಲಿ ಹತ್ತಲು ಹಿರಿಯರಿಗೆ ಸಂಕೋಚವಾದರೆ ಬಲವಂತ ಬೇಡ.

ಖರ್ಚು ಯಾರದು ಎಂಬುದನ್ನು ಅಣ್ಣತಮ್ಮಂದಿರು ಮೊದಲೇ ಮಾತಾಡಿಕೊಳ್ಳಿ. ಹೈಸ್ಕೂಲಿನ ಮಕ್ಕಳಿಗೆ ಟಿಕೆಟ್ಟು, ಲೆಕ್ಕದ ಜವಾಬ್ದಾರಿ ಕೊಡಿ.

ರೈಲಿನಲ್ಲಿ ಹೋಗುವವರು ಒಂದು ನಿಯಮ ತಿಳಿದಿರಬೇಕು. ಕೆಳಗಿನ ಬರ್ತಿನ ಹಿರಿಯರ ಕೋಟಾ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಇದೆ. ಆದರೆ ಅದು ಅವರು ಒಬ್ಬರೇ ಅಥವಾ ಅಂಥ ಇಬ್ಬರೇ ಒಂದು ಟಿಕೆಟ್ಟಿನಲ್ಲಿದ್ದರೆ ಮಾತ್ರ. ಇಡೀ ಮನೆಮಂದಿಯನ್ನು ಒಂದೇ ಟಿಕೆಟ್ಟಿಗೆ ಸೇರಿಸಿದರೆ ಆ ಕೋಟಾ ಅನ್ವಯಿಸುವುದಿಲ್ಲ. ಅಜ್ಜ ಅಜ್ಜಿಯ ಟಿಕೆಟ್ಟನ್ನು ಬೇರೆಯಾಗಿ, ನಿಮ್ಮದನ್ನು ಅದೇ ಹೊತ್ತಿಗೆ ಬೇರೆಯಾಗಿ ಮಾಡಿಸಿ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಏಪ್ರಿಲ್ ನಡುವೆ ಹೊರಡುವುದಾದರೆ ಫೆಬ್ರವರಿ ಮೊದಲ ವಾರದಲ್ಲೇ ಊರಿಗೆ ಹೋಗಿ, ಎದುರು ಕೂತು, ಎಲ್ಲಿಗೆ ಹೋಗಲು ಆಸೆ ಎಂದು ಅವರನ್ನೇ ಕೇಳಿ.