ಕಾಟು ಹಾಕುವುದು ಕೆಳಗಿನಿಂದ

ವಿಜಯಪುರದ ಅಥಣಿ ರಸ್ತೆಯಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟವನಿಗೆ ವರ್ಷದಲ್ಲಿ ಎರಡು ಸುಗ್ಗಿ. ಒಂದು ಬೆಳೆ ವಿಮೆ, ಬೆಳೆ ಪರಿಹಾರದ ಅರ್ಜಿಗಳದ್ದು. ಇನ್ನೊಂದು ಸಿಇಟಿ ರ‍್ಯಾಂಕ್ ಬಂದು ಕೆಇಎದವರು ಆಪ್ಷನ್ ಎಂಟ್ರಿ ಬಿಟ್ಟಾಗಿನದು. ವಿಮೆಗೆ ಬರುವವರಿಗೆ ತಮಗೇನು ಬೇಕೆಂದು ಗೊತ್ತಿರುತ್ತದೆ. ಆಪ್ಷನ್ ಎಂಟ್ರಿಗೆ ಬರುವವರ ಕಥೆ ಬೇರೆ. ತಿಕೋಟಾ ಕಡೆಯಿಂದಲೋ ಬಬಲೇಶ್ವರ ಕಡೆಯಿಂದಲೋ ಬಂದ ತಂದೆ, ಹಿಂದೆ ಮಗನೋ ಮಗಳೋ, ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಹಾಳೆಯ ತುಂಬ ಕಾಲೇಜುಗಳು. "ಎಲ್ಲಾ ತುಂಬಿಬಿಡ್ರಿ ಅಣ್ಣಾರ, ಯಾವುದರೆ ಒಂದು ಸಿಗಲಿ" ಅನ್ನುತ್ತಾರೆ.

ಆ 'ಯಾವುದರೆ ಒಂದು' ಎಂಬ ಮಾತಿನ ಜೊತೆಗೇ ನನ್ನ ಜಗಳ. ಕಂಪ್ಯೂಟರು ಆ ಮಾತನ್ನು ನಿಜವೆಂದು ನಂಬಿಬಿಡುತ್ತದೆ.

ಸೀಟು ಹಂಚುವ ರೀತಿ ಸರಳವಾಗಿದೆ, ಆದರೆ ಬಿಡಿಸಿ ಹೇಳುವವರು ಕಡಿಮೆ. ಇಂಜಿನಿಯರಿಂಗಿನಲ್ಲಿ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳು ಅರ್ಧ, ಸಿಇಟಿ ಅಂಕಗಳು ಅರ್ಧ ಸೇರಿ ರ‍್ಯಾಂಕ್ ಆಗುತ್ತದೆ. ನಿಮ್ಮ ರ‍್ಯಾಂಕಿನ ಪಾಳಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತಾರೆ. ಎಲ್ಲಿ ಮೊದಲು ಸೀಟು ಉಳಿದಿದೆಯೋ ಅದು ನಿಮ್ಮದು. ಅದರ ಕೆಳಗಿರುವುದನ್ನು ಯಾರೂ ತಿರುಗಿ ನೋಡುವುದಿಲ್ಲ. ಹೀಗಾಗಿ ಉದ್ದನೆಯ ಪಟ್ಟಿಯಿಂದ ಹಾನಿಯೇನಿಲ್ಲ, ತಪ್ಪು ಸರತಿಯಿಂದ ಇದೆ.

ತಿಕೋಟಾದ ಆಚೆಯ ಹಳ್ಳಿಯ ಒಬ್ಬ ಹುಡುಗನಿಗೆ ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಮೇಲೆ ಮನಸ್ಸಿತ್ತು. 1963ರ ಕಾಲೇಜು, ಅವನ ಸೋದರಮಾವ ಓದಿದ್ದೂ ಅಲ್ಲಿಯೇ. ಮನೆಯ ಹಿರಿಯರು ಮಾತ್ರ "ಮೊದಲು ಸಿಗೂದನ್ನ ಬರಿ, ಆಸೀದ್ದು ಆಮ್ಯಾಲೆ" ಎಂದು ಹತ್ತಿರದ ಕಾಲೇಜಿನ ಸಿವಿಲ್ ಅನ್ನು ಒಂದನೆಯ ನಂಬರಿಗೆ ಹಾಕಿಸಿದ್ದರು. ಮಾಕ್ ಅಲಾಟ್‌ಮೆಂಟಿನಲ್ಲಿ ಅದೇ ಬಂತು, ಮನೆಯಲ್ಲಿ ಪೇಡೆಯೂ ಹಂಚಿದರು. ಹುಡುಗ ಸಂಜೆ ಒಬ್ಬನೇ ಬಂದು, "ಅಣ್ಣಾ, ಬಾಗಲಕೋಟಿದು ಯಾವಾಗ ಕೇಳ್ತಾರ?" ಎಂದ. ಒಂದನೆಯದೇ ಸಿಕ್ಕವನಿಗೆ ಎರಡನೆಯದನ್ನು ಎಂದೂ ಕೇಳುವುದಿಲ್ಲ. ಪುಣ್ಯಕ್ಕೆ ಮಾಕ್ ಆದ ಮೇಲೆ ಪಟ್ಟಿ ತಿದ್ದಲು ಅವಕಾಶ ಕೊಡುತ್ತಾರೆ. ಮಾಕ್ ಮಾಡುವುದೇ ಅದಕ್ಕಾಗಿ. ಸರತಿ ಬದಲಿಸಿದೆವು. ಬಾಗಲಕೋಟೆ ಬರಲಿಲ್ಲ, ಅದರ ಕೆಳಗಿದ್ದ ಬೆಳಗಾವಿ ಬಂತು. ಈಗ ಅಲ್ಲೇ ಓದುತ್ತಿದ್ದಾನೆ.

ಅಂದಿನಿಂದ ಯಾರೇ ಬರಲಿ, ಕಟ್‌ಆಫ್ ಹಾಳೆ ತೆಗೆಯುವ ಮೊದಲು ಆಸೆಯ ಸರತಿ ಬರೆಸುತ್ತೇನೆ. ಆಮೇಲೆ ಪೆನ್ನು ಕೊಟ್ಟು ಕೆಳಗಿನಿಂದ ಕಾಟು ಹಾಕಲು ಹೇಳುತ್ತೇನೆ. ಪ್ರತಿ ಹೆಸರಿಗೂ ಒಂದೇ ಪ್ರಶ್ನೆ: ಇದೊಂದೇ ಬಂದರೆ ಟ್ರಂಕು ಹೊತ್ತು ಹೋಗುತ್ತೀಯಾ? ಆಗ ನೋಡಬೇಕು ಮುಖ. "ಅಲ್ಲಿ ಹೋಗೂದಿಲ್ರಿ", "ಇದು ಯಾರೋ ಹೇಳಿದ್ರು ಅಂತ ಹಾಕೀನಿ", "ಇದು ಎಲ್ಲಿ ಐತಿ ಅಂತನ ಗೊತ್ತಿಲ್ರಿ." ಅರ್ಧ ಹಾಳೆ ಅಲ್ಲಿಯೇ ಖಾಲಿಯಾಗುತ್ತದೆ. ಮೇಲಿನ ಸಾಲುಗಳನ್ನು ಮಾತ್ರ ನಾನು ಮುಟ್ಟಗೊಡುವುದಿಲ್ಲ. 1917ರಷ್ಟು ಹಳೆಯ ಬೆಂಗಳೂರಿನ ಯುವಿಸಿಇ ಸಿಗುವ ರ‍್ಯಾಂಕ್ ಅಲ್ಲದಿದ್ದರೂ ಬರೆದಿಡಲಿ. ಒಂದು ಸಾಲು ಬರೆದರೆ ರೊಕ್ಕ ಬೀಳುವುದಿಲ್ಲ.

ಇನ್ನು ಕಟ್‌ಆಫ್ ಹಾಳೆ. ಇದರಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಮೋಸ ಹೋಗುವ ಜಾಗ ಒಂದಿದೆ. ಭೀಮಾ ನದಿ ದಾಟಿದರೆ ಅಫಜಲಪುರ, ಅದು ಕಲಬುರಗಿ ಜಿಲ್ಲೆ. ಅಲ್ಲಿಯವರಿಗೆ ಸಂವಿಧಾನದ 371ಜೆ ಉಂಟು. ನದಿಯ ಈ ದಡದ ಇಂಡಿ, ಸಿಂದಗಿಗೆ ಇಲ್ಲ, ತಿಕೋಟಾಕ್ಕಂತೂ ಇಲ್ಲವೇ ಇಲ್ಲ. ನಿಜಾಮರ ಆಳ್ವಿಕೆಗೆ ಒಳಗಾಗಿದ್ದ ಸೀಮೆಗೆ ಕೊಟ್ಟ ಸೌಲಭ್ಯ ಅದು. ನಾವು ಮುಂಬಯಿ ಪ್ರಾಂತದಲ್ಲಿದ್ದವರು. ಆ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಅಲ್ಲಿನ ಸ್ಥಳೀಯರಿಗೆ. ಹೀಗಿರುವಾಗ ಕಲಬುರಗಿಯ ಪಿಡಿಎ ಕಾಲೇಜಿನ ಹೋದ ವರ್ಷದ ಕಟ್‌ಆಫ್ ನೋಡಿ "ಅರೆ, ನಮಗ ಸಿಗತೈತಲ್ರಿ" ಎಂದು ಹಿಗ್ಗುವವರ ಬೆರಳು ನೋಡಿದರೆ ಕೊನೆಯಲ್ಲಿ ಎಚ್ ಇರುವ ಕಾಲಮ್ಮಿನ ಮೇಲಿರುತ್ತದೆ. ಅದು ನದಿಯಾಚೆಯವರ ಲೆಕ್ಕ.

ನಮ್ಮ ಮಕ್ಕಳು ನೋಡಬೇಕಾದದ್ದು ತಮ್ಮ ವರ್ಗದ ಮುಂದಿನ ಜಿ, ಕೆ, ಆರ್ ಅಕ್ಷರಗಳನ್ನು. 3ಬಿಜಿ ಎಂದರೆ ಸಾಮಾನ್ಯ, 3ಬಿಕೆ ಕನ್ನಡ ಮಾಧ್ಯಮ, 3ಬಿಆರ್ ಗ್ರಾಮೀಣ. ಒಂದರಿಂದ ಹತ್ತರವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವನು ಕೆ ಮತ್ತು ಆರ್ ಎರಡನ್ನೂ ನೋಡಬೇಕು. ಎಷ್ಟೋ ಬ್ರಾಂಚುಗಳಲ್ಲಿ ಅಲ್ಲಿ ದೊಡ್ಡ ರ‍್ಯಾಂಕಿನವರಿಗೂ ಸೀಟು ಸಿಕ್ಕಿರುತ್ತದೆ. ಆದರೆ ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಸರಿಯಿರಬೇಕು. ಒಂದು ಶಾಲೆಯಲ್ಲಿ ಐದನೆಯವರೆಗೆ, ಇನ್ನೊಂದರಲ್ಲಿ ಹತ್ತರವರೆಗೆ ಓದಿದವನು ಎರಡೂ ಕಡೆ ಅಲೆದು, ಬಿಇಒ ಕಚೇರಿಯ ಸಹಿಗೂ ನಿಲ್ಲಬೇಕಾಗುತ್ತದೆ. ಈ ಓಡಾಟವನ್ನು ಬೇಸಿಗೆಯಲ್ಲೇ ಮುಗಿಸಿದವರ ಪಟ್ಟಿ ಜುಲೈನಲ್ಲಿ ಗಟ್ಟಿಯಾಗಿರುತ್ತದೆ.

ಜತ್ ತಾಲ್ಲೂಕಿನ ಕನ್ನಡ ಶಾಲೆಗಳ ಮಕ್ಕಳೂ ನಮ್ಮಲ್ಲಿಗೆ ಬರುತ್ತಾರೆ. ಊರು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಸಂತೆ ಪೇಟೆಗೆ ನಮ್ಮ ಕಡೆ. ಅವರು ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕಬಹುದು, ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಗೆ ಅವರು ಹೆದರುವುದನ್ನು ನಾನು ಕಂಡಿಲ್ಲ.

ರೊಕ್ಕದ ಮಾತು ಪಟ್ಟಿ ಮುಗಿದ ಮೇಲೆ ಬರುತ್ತದೆ, ಬರಬೇಕಾದದ್ದು ಮೊದಲು. ನಮ್ಮ ಸೀಮೆಯಲ್ಲಿ ದ್ರಾಕ್ಷಿ ಇಳಿಯುವುದು ಬೇಸಿಗೆಗೆ, ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ, ರೇಟು ಏರಲಿ ಎಂದು ಕಾಯುತ್ತಾರೆ. ಸೀಟು ಬಂದ ಮೇಲೆ ಫೀ ತುಂಬಲು ಕೆಇಎ ಕೊಡುವುದು ಕೆಲವೇ ದಿನ. ತಾಸಗಾಂವದ ಸವಾಲಿನಲ್ಲಿ ಮಾಲು ಹೋಗಿ ದುಡ್ಡು ಕೈಗೆ ಬರುವ ದಿನಕ್ಕೂ ಆ ಗಡುವಿಗೂ ಸಂಬಂಧವೇ ಇಲ್ಲ. ಫೀ ಅಂದರೆ ಎಲ್ಲರೂ ಕಾಲೇಜಿನ ಫೀ ಅಷ್ಟೇ ಹಿಡಿಯುತ್ತಾರೆ. ನಾನು ಬೆಂಗಳೂರಿನ ಪಕ್ಕಕ್ಕೆ ಪಿಜಿ ಬಾಡಿಗೆ, ಊಟ, ಹಬ್ಬಕ್ಕೆ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಟಿಕೆಟ್ಟು ಎಂದು ಬರೆಸುತ್ತೇನೆ. ಆಮೇಲೆ ಹುಬ್ಬಳ್ಳಿ, ಬೆಳಗಾವಿ, ನಮ್ಮೂರಿನದೇ ಹಳಕಟ್ಟಿಯವರ ಹೆಸರಿನ ಕಾಲೇಜು ಮೇಲೇರಿ ಬರುವುದುಂಟು. ಎಸ್‌ಎನ್‌ಕ್ಯು ಎಂಬ ಹೆಚ್ಚುವರಿ ಸೀಟುಗಳು ಶೇ 5ರಷ್ಟು ಇರುತ್ತವೆ, ಆದಾಯ ಮಿತಿಯೊಳಗಿನವರಿಗೆ ಬೋಧನಾ ಶುಲ್ಕ ಮಾಫಿ. ಇದು ಗೊತ್ತಿಲ್ಲದೆ ಒಳ್ಳೆಯ ಕಾಲೇಜಿಗೆ ಕಾಟು ಹಾಕಿದ ತಂದೆಯರನ್ನು ಕಂಡು ಹೊಟ್ಟೆ ಉರಿಯುತ್ತದೆ.

ಹೆಣ್ಣುಮಕ್ಕಳ ಹಾಳೆಯಲ್ಲಿ ಕಾಟು ಹಾಕುವ ಕೈ ಬಹಳ ಸಲ ಬೇರೆಯವರದು. ನಮ್ಮ ರಸ್ತೆಯಲ್ಲೇ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯವಿದೆ, 2003ರಲ್ಲಿ ಆರಂಭವಾದದ್ದು. ಬಯಸಿ ಹೋದವಳಿಗೆ ಅದು ಒಳ್ಳೆಯ ದಾರಿ. ಮನೆಯವರಿಗೆ ಸನಿಹ ಎಂಬ ಒಂದೇ ಕಾರಣಕ್ಕೆ ಉಳಿದದ್ದೆಲ್ಲ ಹೊಡೆದುಹಾಕುವುದು ನನಗೆ ಸೇರುವುದಿಲ್ಲ. "ಕಾಕಾ, ಪೆನ್ನು ಅಕಿ ಕೈಯಾಗ ಕೊಡ್ರಿ" ಎನ್ನುತ್ತೇನೆ. ಕೆಲವರು ಕೊಡುತ್ತಾರೆ. ಕೆಲವರು ಎದ್ದು ಮುಂದಿನ ಅಂಗಡಿಗೆ ಹೋಗುತ್ತಾರೆ.

ಒಬ್ಬಳು ಒಂಟಿಯಾಗಿಯೇ ಬಂದಿದ್ದಳು. ಪಟ್ಟಿಯ ಮೇಲ್ಭಾಗವೆಲ್ಲ ಕಂಪ್ಯೂಟರ್ ಸೈನ್ಸ್, ತಳದಲ್ಲಿ ಹಿಟ್ಟಿನಹಳ್ಳಿಯ ಕೃಷಿ ಕಾಲೇಜು. ಓಟಿಪಿ ಅಪ್ಪನ ಮೊಬೈಲಿಗೆ ಹೋಗಿತ್ತು, ಅಪ್ಪ ದ್ರಾಕ್ಷಿ ಪಡದಲ್ಲಿ ಎಣ್ಣೆ ಹೊಡೆಸುತ್ತಿದ್ದ. ಫೋನಿನಲ್ಲಿ ಅವನು ಓಟಿಪಿ ಹೇಳುವ ಬದಲು ಟ್ಯಾಂಕಿಗೆ ಔಷಧ ಎಷ್ಟು ಎಂದು ಕೇಳಿದ. ಈಕೆ ಡೌನಿಗೆ ಇಷ್ಟು, ನಿನ್ನೆ ಮಳೆ ಆಗಿದ್ದರೆ ಇಷ್ಟು, ಅದರೊಳಗೆ ಮತ್ತೊಂದನ್ನು ಕಲಸಬೇಡ ಎಂದು ಪಟಪಟನೆ ಹೇಳಿ, ನನ್ನ ಕಡೆ ತಿರುಗಿ ಆರು ಅಂಕಿ ಓದಿದಳು. ಕೃಷಿ ಯಾಕೆ ಕೆಳಗೆ ಎಂದು ಕೇಳಿದೆ. "ಎಲ್ಲಾರೂ ಸಿಎಸ್ ಹಾಕ್ಯಾರ್ರಿ." ರೈತರ ಮಕ್ಕಳ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಬೀಜ, ಸಲಕರಣೆ, ಗಿಡ ಗುರುತಿಸಬೇಕು. ಅದರಲ್ಲಿ ಆಕೆಗೆ ಚೆನ್ನಾಗಿ ಅಂಕ ಬಂದಿತ್ತು. ಮೇಲಿನ ಸಿಎಸ್ ಒಂದು ಸಿಕ್ಕರೂ ಕೆಳಗಿನ ಕೃಷಿಯನ್ನು ಯಾರೂ ಕೇಳುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಹಾಳೆ ನೋಡಿ, ಬಾಗಲಕೋಟೆಯ ತೋಟಗಾರಿಕೆ ಒಂದು, ಹಿಟ್ಟಿನಹಳ್ಳಿ ಎರಡು ಎಂದು ಹೊಸದಾಗಿ ಬರೆದಳು.

ಮೊದಲ ಸುತ್ತು ಬಂದ ಮೇಲೆ ಪಟ್ಟಿಗೆ ಇನ್ನೊಮ್ಮೆ ಕೈ ಹಾಕಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಚಾಯ್ಸ್ ಒಂದು ಎಂದರೆ ಸೀಟು ಒಪ್ಪಿ ಸೇರುವುದು. ಚಾಯ್ಸ್ ಎರಡು ಎಂದರೆ ಸೀಟು ಹಿಡಿದುಕೊಂಡೇ ಮೇಲಿನ ಆಯ್ಕೆಗಳಿಗೆ ಕಾಯುವುದು. ಮೇಲಿನದು ಸಿಕ್ಕರೆ ಹಿಡಿದದ್ದು ತಾನಾಗಿ ಬಿಟ್ಟುಹೋಗುತ್ತದೆ. ಹೋದ ಮುಂಗಾರಿನಲ್ಲಿ ಬಬಲೇಶ್ವರ ಕಡೆಯ ಒಬ್ಬರು, ಮಗನಿಗೆ ಹುಬ್ಬಳ್ಳಿಯ ಸೀಟು ಬಂದ ಖುಷಿಯಲ್ಲಿ, ಎರಡು ಒತ್ತು ಎಂದರು. ಹುಬ್ಬಳ್ಳಿಯ ಮೇಲೆ ಇನ್ನೂ ಬೆಂಗಳೂರಿನ ಎರಡು ಹೆಸರು ಉಳಿದಿದ್ದವು.

"ಬೆಂಗಳೂರು ಬಂದರ ಹುಬ್ಬಳ್ಳಿ ಹೋಗತೈತ್ರಿ ಕಾಕಾ."

"ಮತ್ತ ಕೇಳಿದ್ರ ವಾಪಸ್ ಕೊಡೂದಿಲ್ಲೇನು?"

"ಕೊಡೂದಿಲ್ರಿ."

ಮಗನ ಕಡೆ ನೋಡಿದರು. ಮಗ ಬೆಂಗಳೂರಿನ ಎರಡೂ ಸಾಲುಗಳನ್ನು ತಾನೇ ಹೊಡೆದು, ಚಾಯ್ಸ್ ಒಂದನ್ನು ಒತ್ತಲು ಹೇಳಿದ. ತಂದೆ ಹೊರಗೆ ಹೋಗಿ, ಫೀ ತುಂಬಲು ಕೊನೆಯ ದಿನ ಯಾವುದು, ಇವತ್ತಿನ ಒಣದ್ರಾಕ್ಷಿ ರೇಟು ಎಷ್ಟು ಎಂದು ಯಾರಿಗೋ ಫೋನು ಹಚ್ಚಿದರು.