ನಿಲ್ಲಿಸುವ ದಿನವನ್ನೂ ಕೇಳಿಕೊಳ್ಳಿ

ಮಕ್ಕಳೇ, ಮೂವತ್ತೆರಡು ವರ್ಷ ಔಷಧಿ ಅಂಗಡಿ ನಡೆಸಿದವನು ನಾನು. ಮಾತ್ರೆ ಮಾರಿಯೇ ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ. ವಿಟಮಿನ್ ಮಾತ್ರೆಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ನೀವು ಅದನ್ನು ನುಂಗುವ ಪರಿ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾನು ಹುಡುಗನಾಗಿದ್ದಾಗ ನಮ್ಮ ಓಣಿಯಲ್ಲಿ ಇರುಳುಗಣ್ಣಿನ ಮಕ್ಕಳಿದ್ದರು. ದೀಪ ಹಚ್ಚುವ ಹೊತ್ತಾದರೆ ಗೋಡೆ ತಡವಿಕೊಂಡು ನಡೆಯುತ್ತಿದ್ದರು. ಇಂಥ ಮಕ್ಕಳ ಕಣ್ಣು ಉಳಿಸಲೆಂದೇ ಸರ್ಕಾರ 1970ರಲ್ಲಿ ವಿಟಮಿನ್ ಎ ದ್ರಾವಣ ಕುಡಿಸುವ ಕಾರ್ಯಕ್ರಮ ತಂದಿತು. ವರ್ಷ ದಾಟಿದ ಮಗುವಿಗೆ ಒಮ್ಮೆ 2 ಲಕ್ಷ ಯೂನಿಟ್. ಆಮೇಲೆ ಆರು ತಿಂಗಳು ಬಿಡುವು. ಅಳತೆಯಷ್ಟೇ ಆ ಬಿಡುವೂ ಮುಖ್ಯವಾಗಿತ್ತು.

ನೀವು ಮರೆತಿರುವುದು ಆ ಬಿಡುವನ್ನು. ವಿಟಮಿನ್ ಡಿ ಕಡಿಮೆಯಿದ್ದರೆ ಡಾಕ್ಟರು 60,000 ಯೂನಿಟ್‌ನ ಮಾತ್ರೆಯನ್ನು ವಾರಕ್ಕೊಂದರಂತೆ, ಕೆಲವು ವಾರಗಳಿಗೆ ಮಾತ್ರ ಬರೆಯುತ್ತಾರೆ. ನಮ್ಮೂರ ಹುಡುಗನೊಬ್ಬ ಅದನ್ನು ದಿನಕ್ಕೊಂದರಂತೆ ತಿಂಗಳುಗಟ್ಟಲೆ ನುಂಗಿದ. ತೀರದ ಬಾಯಾರಿಕೆ, ವಾಂತಿ, ಮಲಬದ್ಧತೆ. ಆಸ್ಪತ್ರೆ ಸೇರುವಷ್ಟರಲ್ಲಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಅವನು ಚೀಟಿಯಿಲ್ಲದೆ ಬಂದಾಗಲೆಲ್ಲ ಮಾತ್ರೆ ಕೊಟ್ಟವನು ನಾನೇ. "ಎಷ್ಟು ದಿನಕ್ಕೊಂದು ತಗೊಳ್ತೀಯಪ್ಪಾ?" ಎಂದು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಅಂದು ಕೇಳದೆ ಉಳಿದದ್ದನ್ನು ಇಂದು ನಿಮ್ಮೆಲ್ಲರನ್ನೂ ಕೇಳುತ್ತಿದ್ದೇನೆ.

"ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ ಬಿಡಿ" ಎನ್ನಬೇಡಿ. ಎ ಮತ್ತು ಡಿ ವಿಟಮಿನ್‌ಗಳು ಹಾಗೆ ಹೋಗುವುದಿಲ್ಲ, ಮೈಯಲ್ಲೇ ಜಮೆಯಾಗುತ್ತವೆ. ನೀರಿನಲ್ಲಿ ಕರಗುವ ಬಿ6 ಕೂಡ ಬಹಳ ದಿನ ಅತಿಯಾದರೆ ನರಗಳಿಗೆ ಏಟು ಕೊಟ್ಟು ಕೈಕಾಲು ಜೋಮು ಹಿಡಿಸುತ್ತದೆ. ಕೂದಲಿಗೆಂದು ತಿನ್ನುವ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ಹೆಣ್ಣುಮಕ್ಕಳೇ, ಬಸಿರಿನ ಮೊದಲ ತಿಂಗಳುಗಳಲ್ಲಿ ವಿಟಮಿನ್ ಎ ಮಿತಿಮೀರಿದರೆ ಹೊಟ್ಟೆಯಲ್ಲಿರುವ ಕೂಸಿಗೇ ಊನವಾದೀತು.

ಫಿನ್‌ಲ್ಯಾಂಡಿನಲ್ಲಿ 1985ರಿಂದ 29,133 ಮಂದಿ ಧೂಮಪಾನಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಶ್ವಾಸಕೋಶದ ಕ್ಯಾನ್ಸರ್ ತಡೆದೀತೆಂದು ನಂಬಿ ಅದರ ಮಾತ್ರೆ ಕೊಟ್ಟರು. 1994ರಲ್ಲಿ ಲೆಕ್ಕ ಹೊರಬಿದ್ದಾಗ, ಆ ಮಾತ್ರೆ ತೆಗೆದುಕೊಂಡವರಲ್ಲೇ ಆ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ಗಜ್ಜರಿ ತಿಂದದ್ದಕ್ಕೂ ಅದರ ಸಾರವನ್ನು ಮಾತ್ರೆಯಾಗಿ ನುಂಗಿದ್ದಕ್ಕೂ ಅಷ್ಟು ಅಂತರವಿದೆ.

ಇದನ್ನು ಓದಿ ಬೇಕಾದ ಮಾತ್ರೆಯನ್ನು ಎಸೆಯಬೇಡಿ. ಬಸುರಿಗೆ ಫೋಲಿಕ್ ಆಸಿಡ್ ಬೇಕು. ಬರೀ ಸಸ್ಯಾಹಾರ ಉಣ್ಣುವವರಲ್ಲಿ ಬಿ12 ಕೊರತೆ ನಿಜಕ್ಕೂ ಇರುತ್ತದೆ. ಆದರೆ ಕೊರತೆ ಇದೆಯೋ ಇಲ್ಲವೋ ರಕ್ತ ಪರೀಕ್ಷೆ ಹೇಳಲಿ, ಮೊಬೈಲಿನಲ್ಲಿ ಬರುವ ಜಾಹೀರಾತು ಹೇಳುವುದು ಬೇಡ. ಸುಸ್ತು ಎನಿಸಿದರೆ ಮೊದಲು ನಿಮ್ಮ ನಿದ್ದೆಯನ್ನೂ ತಟ್ಟೆಯನ್ನೂ ನೋಡಿಕೊಳ್ಳಿ. ನುಗ್ಗೆಸೊಪ್ಪು, ರಾಗಿ, ನೆಲ್ಲಿಕಾಯಿ ಇನ್ನೂ ಸಂತೆಯಲ್ಲಿ ಸಿಗುತ್ತವೆ.

ಮನೆಯಲ್ಲಿರುವ ಡಬ್ಬಿಗಳನ್ನೆಲ್ಲ ಇವತ್ತೇ ಒಂದೆಡೆ ಇಟ್ಟು, ಒಂದೇ ವಿಟಮಿನ್ ಎಷ್ಟರಲ್ಲಿದೆ ಎಂದು ನೋಡಿ, ಅಳತೆ ಕೂಡಿಸಿ. ಡಾಕ್ಟರ ಬಳಿ ಹೋದಾಗ ಅವನ್ನೂ ತೋರಿಸಿ. ಮಾತ್ರೆ ಕೊಳ್ಳುವಾಗ ಯಾವತ್ತು ನಿಲ್ಲಿಸಬೇಕೆಂದು ಕೇಳಿ, ಆ ತಾರೀಖನ್ನು ಕವರಿನ ಮೇಲೆ ಬರೆಸಿಕೊಳ್ಳಿ. ಅಂಗಡಿಯವನಿಗೆ ಅವಸರವಿದ್ದರೂ ಬಿಡಬೇಡಿ. ನನ್ನಂಥವನು ಕೇಳಲು ಮರೆತರೂ ನೀವು ಮರೆಯಬೇಡಿ.